ಮೇಲ್ ಬಿಚ್ಚಿ ಮತ್ತೆ ಕಟ್ಟುವಾಗ ಕಳೆದುಹೋಗುವುದೇನು?

ಈ ಸಲ ಬಂದ ಪ್ರಶ್ನೆಗಳಲ್ಲಿ ಐದಾರು ಒಂದೇ ವಿಷಯದ ಸುತ್ತ ಇದ್ದವು. ಬರೆದವರೆಲ್ಲ ಇಮೇಲ್ ಓದಿ, ಅದರಲ್ಲಿ ಸಣ್ಣದೇನೋ ಬದಲಿಸಿ, ಮುಂದೆ ಕಳಿಸುವ ಅಥವಾ ಕೂಡಿಡುವ ಪ್ರೋಗ್ರಾಂ ಮಾಡುತ್ತಿರುವವರು. ತೊಂದರೆ ಬೇರೆ ಬೇರೆ ಅನ್ನಿಸಿದರೂ ಬೇರು ಒಂದೇ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮಲ್ಲಿಗೆ ಬರುವ ಮೇಲ್‌ಗಳಿಗೆ ಒಂದೇ ಒಂದು ಹೆಡರ್ (ಮೇಲ್‌ನ ತಲೆಯಲ್ಲಿ ಕಳಿಸಿದವರು, ಸಬ್ಜೆಕ್ಟ್ ಇತ್ಯಾದಿ ಹೇಳುವ ಸಾಲು) ಸೇರಿಸುವ ಪ್ರೋಗ್ರಾಂ ಬರೆದಿದ್ದೇನೆ. ಮೇಲ್ ಪಾರ್ಸ್ ಮಾಡುತ್ತೇನೆ, ಹೆಡರ್ ಹಾಕುತ್ತೇನೆ, ಮತ್ತೆ ಬರೆದು ಮುಂದಿನ ಸರ್ವರ್‌ಗೆ ಕೊಡುತ್ತೇನೆ. ಬೇರೇನೂ ಮುಟ್ಟಿಲ್ಲ. ಆದರೂ ಕೆಲವು ಮೇಲ್‌ಗಳ ಡಿಕೆಐಎಂ ಸಹಿ (ಮೇಲ್ ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸಲು ಕಳಿಸುವ ಸರ್ವರ್ ಹಾಕುವ ಡಿಜಿಟಲ್ ಸಹಿ) ಫೇಲ್ ಆಗುತ್ತಿದೆ. ಎಲ್ಲವೂ ಅಲ್ಲ, ಕೆಲವು ಮಾತ್ರ. ಎರಡು ವಾರದಿಂದ ಹುಡುಕುತ್ತಿದ್ದೇನೆ.

ಉತ್ತರ: ನೀವು ಬೇರೇನೂ ಮುಟ್ಟಿಲ್ಲ, ನಿಜ. ನಿಮ್ಮ ಲೈಬ್ರರಿ ಮುಟ್ಟಿದೆ.

ಪಾರ್ಸ್ ಮಾಡುವುದು ಅಂದರೆ ಬೈಟ್‌ಗಳಿಂದ ಅರ್ಥ ತೆಗೆಯುವುದು. ಮತ್ತೆ ಬರೆಯುವುದು ಅಂದರೆ ಆ ಅರ್ಥದಿಂದ ಬೈಟ್‌ಗಳನ್ನು ಹೊಸದಾಗಿ ಹುಟ್ಟಿಸುವುದು. ಒಂದೇ ಅರ್ಥವನ್ನು ಇಮೇಲ್‌ನಲ್ಲಿ ಹತ್ತಾರು ರೀತಿ ಬರೆಯಬಹುದು, ಎಲ್ಲವೂ ನಿಯಮಕ್ಕೆ ಸರಿಯೇ. ಕಳಿಸಿದವರು ಅದರಲ್ಲಿ ಯಾವ ರೀತಿ ಬರೆದಿದ್ದರು ಎಂಬುದು ಪಾರ್ಸ್ ಆದ ಮೇಲೆ ಸಾಮಾನ್ಯವಾಗಿ ಎಲ್ಲೂ ಉಳಿದಿರುವುದಿಲ್ಲ. ಲೈಬ್ರರಿ ತನಗೆ ಒಗ್ಗಿದ ರೀತಿಯಲ್ಲಿ ಬರೆಯುತ್ತದೆ. ಓದುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಡಿಕೆಐಎಂ ಸಹಿ ಅರ್ಥದ ಮೇಲೆ ಇಲ್ಲ, ಬೈಟ್‌ಗಳ ಮೇಲೆ ಇದೆ.

ಒಂದು ಸಬ್ಜೆಕ್ಟ್ ಸಾಲನ್ನೇ ಹತ್ತಿರದಿಂದ ನೋಡೋಣ. ಕೋಲನ್ ನಂತರ ಒಂದು ಸ್ಪೇಸ್ ಹಾಕುವುದು ವಾಡಿಕೆ. ಆದರೆ ಎರಡು ಸ್ಪೇಸ್ ಹಾಕಬಹುದು, ಒಂದನ್ನೂ ಹಾಕದೆ ಇರಬಹುದು. ಬಹಳ ಲೈಬ್ರರಿಗಳು ಓದುವಾಗ ಆ ಸ್ಪೇಸ್‌ಗಳನ್ನು ಕಿತ್ತು, ಬರೆಯುವಾಗ ತಾವೇ ಒಂದು ಹಾಕುತ್ತವೆ. ಇನ್ನು ಸಾಲಿನ ಉದ್ದ. ಒಂದು ಸಾಲು 78 ಅಕ್ಷರ ಮೀರದಿದ್ದರೆ ಒಳ್ಳೆಯದು, 998 ಅಂತೂ ಮೀರಲೇಬಾರದು ಎಂದು ಇಮೇಲ್‌ನ ರೂಪಕ್ಕೆ ನಿಯಮ ಹಾಕುವ 2008ರ ದಾಖಲೆ ಆರ್‌ಎಫ್‌ಸಿ 5322 ಹೇಳುತ್ತದೆ. ಅದಕ್ಕೇ ಉದ್ದದ ಹೆಡರ್‌ಗಳನ್ನು ಮಡಚುತ್ತಾರೆ: ಸಾಲು ಮುರಿದು, ಮುಂದಿನ ಸಾಲನ್ನು ಸ್ಪೇಸ್‌ನಿಂದಲೋ ಟ್ಯಾಬ್‌ನಿಂದಲೋ ಶುರುಮಾಡುವುದು. ಮೂಲದಲ್ಲಿ ಟ್ಯಾಬ್ ಇತ್ತು, ನಿಮ್ಮ ಲೈಬ್ರರಿ ಸ್ಪೇಸ್ ಹಾಕಿತು. ಮೂಲದಲ್ಲಿ ಮೂರನೇ ಹೆಸರಾದ ಮೇಲೆ ಮಡಚಿತ್ತು, ಈಗ ನಾಲ್ಕನೆಯದರ ಮೇಲೆ ಮಡಚಿದೆ. ಯಾರಿಗೂ ಗೊತ್ತಾಗಲಿಲ್ಲ, ಸಹಿಗೆ ಗೊತ್ತಾಯಿತು.

ಕೆಲವು ಮಾತ್ರ ಯಾಕೆ ಫೇಲ್ ಅಂದಿರಿ. ಡಿಕೆಐಎಂನಲ್ಲಿ ಸಹಿ ಹಾಕುವ ಮೊದಲು ಬೈಟ್‌ಗಳನ್ನು ಒಂದು ಹದಕ್ಕೆ ತರಲು ಎರಡು ದಾರಿ ಇವೆ, 'ಸಿಂಪಲ್' ಮತ್ತು 'ರಿಲ್ಯಾಕ್ಸ್ಡ್'. ರಿಲ್ಯಾಕ್ಸ್ಡ್ ದಾರಿಯಲ್ಲಿ ಹೆಡರ್ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ, ಮಡಿಕೆ, ಜಾಸ್ತಿ ಸ್ಪೇಸ್ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿಂಪಲ್ ದಾರಿಯಲ್ಲಿ ಹೆಡರ್‌ನ ಒಂದು ಬೈಟ್ ಬದಲಾದರೂ ಮುಗಿಯಿತು. ಕಳಿಸುವವರು ಇವೆರಡರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ನಿಮ್ಮಲ್ಲಿ ಬಿದ್ದುಹೋದ ಮೇಲ್‌ಗಳ ಡಿಕೆಐಎಂ ಹೆಡರ್ ತೆರೆದು ನೋಡಿ, 'ಸಿ' ಎಂಬ ಟ್ಯಾಗ್‌ನಲ್ಲಿ ಸಿಂಪಲ್ ಎಂದಿರುವವೇ ಜಾಸ್ತಿ ಸಿಗಬಹುದು. ಆ ಟ್ಯಾಗ್ ಇಲ್ಲವೇ ಇಲ್ಲ ಅಂದರೂ ಸಿಂಪಲ್ ಎಂದೇ ಅರ್ಥ, ಅದನ್ನು ಮರೆಯಬೇಡಿ.

ಆದರೆ ರಿಲ್ಯಾಕ್ಸ್ಡ್ ಇದ್ದರೆ ಬಚಾವ್ ಎಂದುಕೊಂಡರೂ ತಪ್ಪು. ಮೇಲ್‌ನ ಒಡಲಿಗೆ ಬನ್ನಿ. ಒಂದು ಅಟ್ಯಾಚ್‌ಮೆಂಟ್ ಬೇಸ್64ನಲ್ಲಿ, ಅಂದರೆ ಯಾವ ಫೈಲನ್ನಾದರೂ ಮಾಮೂಲಿ ಅಕ್ಷರಗಳಾಗಿ ಬರೆಯುವ ರೀತಿಯಲ್ಲಿ, ಇದೆ. ನಿಯಮದ ಪ್ರಕಾರ ಸಾಲು 76 ಅಕ್ಷರ ಮೀರಬಾರದು, ಕಡಿಮೆ ಇದ್ದರೆ ತೊಂದರೆ ಇಲ್ಲ. ಕಳಿಸಿದ ಸಾಫ್ಟ್‌ವೇರ್ ಸಾಲಿಗೆ 72 ಅಕ್ಷರ ಹಾಕಿತ್ತು. ನೀವು ಅಟ್ಯಾಚ್‌ಮೆಂಟ್ ಬಿಚ್ಚಿ, ಬರೆಯುವಾಗ ಲೈಬ್ರರಿ ಅದನ್ನು 76ಕ್ಕೆ ಜೋಡಿಸಿದರೆ, ಒಳಗಿನ ಫೈಲ್ ಒಂದು ಬಿಟ್ ಕೂಡ ಬದಲಾಗದೆ ಹಾಗೇ ಇರುತ್ತದೆ, ಆದರೆ ಸಾಲು ಮುರಿದ ಜಾಗಗಳು ಬೇರೆ ಆಗಿರುತ್ತವೆ. ಸಾಲುಮುರಿತ ಎಲ್ಲಿದೆ ಎಂಬುದನ್ನು ರಿಲ್ಯಾಕ್ಸ್ಡ್ ಕೂಡ ಕ್ಷಮಿಸುವುದಿಲ್ಲ. ಒಡಲಿನ ಹ್ಯಾಶ್ (ಬೈಟ್‌ಗಳಿಂದ ಲೆಕ್ಕಹಾಕಿ ತೆಗೆದ ಗುರುತಿನ ಸಂಖ್ಯೆ) ತಾಳೆಯಾಗದೆ ಸಹಿ ಬೀಳುತ್ತದೆ. ಕ್ವೋಟೆಡ್ ಪ್ರಿಂಟಬಲ್ ಎಂಬ ಇನ್ನೊಂದು ಎನ್‌ಕೋಡಿಂಗ್‌ನಲ್ಲಿ ಈ ಸ್ವಾತಂತ್ರ್ಯ ಇನ್ನೂ ಜಾಸ್ತಿ. ಯಾವ ಅಕ್ಷರವನ್ನು ಸಂಕೇತ ಮಾಡಬೇಕು, ಯಾವುದನ್ನು ಹಾಗೇ ಬಿಡಬಹುದು, ಎಲ್ಲಿ ಸಾಲು ಮುರಿಯಬೇಕು, ಇವೆಲ್ಲ ಬಹುಮಟ್ಟಿಗೆ ಬರೆಯುವವರ ಇಷ್ಟ.

ಹಾಗಾದರೆ ಏನು ಮಾಡಬೇಕು? ನಿಮ್ಮ ಕೆಲಸ ಹೆಡರ್ ಸೇರಿಸುವುದು ಮಾತ್ರ, ಅಲ್ವಾ? ಹಾಗಿದ್ದರೆ ಪಾರ್ಸ್ ಮಾಡಿದ್ದನ್ನು ಮತ್ತೆ ಬರೆಯಲೇಬೇಡಿ. ಬಂದ ಬೈಟ್‌ಗಳು ಬಂದ ಹಾಗೇ ಇರಲಿ. ಅವುಗಳ ಮುಂದೆ, ಎಲ್ಲಕ್ಕಿಂತ ಮೇಲೆ, ನಿಮ್ಮ ಹೆಡರ್ ಸಾಲನ್ನು ಅಂಟಿಸಿ. ಮೇಲ್ ತಮ್ಮ ಮೂಲಕ ಹಾದುಹೋದ ಗುರುತಿಗೆ ಸರ್ವರ್‌ಗಳು ರಿಸೀವ್ಡ್ ಹೆಡರ್ ಹಾಕುವುದೂ ಹೀಗೇ, ಹಳೆಯದರ ಮೇಲೆ ಹೊಸದು. ಡಿಕೆಐಎಂ ಹೆಡರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಹುಡುಕುವುದರಿಂದ, ಸಹಿಯ ಪಟ್ಟಿಯಲ್ಲಿಲ್ಲದ ಹೊಸ ಹೆಸರಿನ ಹೆಡರ್ ಮೇಲೆ ಬಂದು ಕೂತರೆ ಹಳೆಯ ಸಹಿಗೆ ಏನೂ ಆಗುವುದಿಲ್ಲ. ಸಾಲಿನ ಕೊನೆಯ ಗುರುತು ಮಾತ್ರ ಮೂಲದಲ್ಲಿ ಇದ್ದ ಹಾಗೇ ಇರಲಿ. ನೆಟ್‌ವರ್ಕ್‌ನಲ್ಲಿ ಬರುವಾಗ ಅದು ಸಿಆರ್, ಎಲ್‌ಎಫ್ ಎಂಬ ಎರಡು ಕಾಣದ ಬೈಟ್‌ಗಳು ಸೇರಿ ಇರುತ್ತದೆ, ಯುನಿಕ್ಸ್ ಡಿಸ್ಕ್ ಮೇಲೆ ಬಿದ್ದಾಗ ಎಷ್ಟೋ ಸಲ ಬರೀ ಎಲ್‌ಎಫ್ ಉಳಿದಿರುತ್ತದೆ. ಎರಡನ್ನೂ ಬೆರೆಸಬೇಡಿ.

ಪಾರ್ಸರ್ ಬೇಡವೇ ಬೇಡ ಎನ್ನುತ್ತಿಲ್ಲ. ಯಾರು ಕಳಿಸಿದ್ದು, ಅಟ್ಯಾಚ್‌ಮೆಂಟ್ ಇದೆಯೇ, ಯಾವ ಭಾಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಇದನ್ನೆಲ್ಲ ತಿಳಿಯಲು ಪಾರ್ಸರ್ ಬೇಕೇ ಬೇಕು. ಅದನ್ನು ನೋಡುವ ಕಣ್ಣಾಗಿ ಇಟ್ಟುಕೊಳ್ಳಿ, ಬರೆಯುವ ಕೈ ಮಾಡಿಕೊಳ್ಳಬೇಡಿ. ಇಷ್ಟು ವರ್ಷದಲ್ಲಿ ಈ ಕೆಲಸದಿಂದ ನಾನು ಕಲಿತದ್ದು ಇದೊಂದೇ ಅಂದರೂ ಸರಿ.

ಪೈಥಾನ್ ಬಳಸುವವರಿಗೆ ಎರಡು ಮಾತು. ಮೇಲ್ ಅನ್ನು ಸ್ಟ್ರಿಂಗ್‌ನಿಂದ ಓದುವ ಫಂಕ್ಷನ್ ಬಿಡಿ, ಬೈಟ್ಸ್‌ನಿಂದ ಓದುವುದನ್ನು ಬಳಸಿ. ಹೊಸ ಪಾಲಿಸಿಗಳಲ್ಲಿ 'ರೀಫೋಲ್ಡ್ ಸೋರ್ಸ್' ಎಂಬ ಸೆಟ್ಟಿಂಗ್ ಇದೆ. ಸುಮ್ನೆ ಬಿಟ್ಟರೆ ಅದು 'ಲಾಂಗ್' ಆಗಿರುತ್ತದೆ, ಅಂದರೆ ಉದ್ದದ ಸಾಲಿರುವ ಹೆಡರ್‌ಗಳನ್ನು ತಾನೇ ಬಿಚ್ಚಿ ಮತ್ತೆ ಮಡಚುತ್ತದೆ. ಅದನ್ನು 'ನನ್' ಮಾಡಿದರೆ ಮಡಿಕೆಗಳು ಮೂಲದಂತೆ ಉಳಿಯುತ್ತವೆ. ಆದರೂ ಕೋಲನ್ ನಂತರದ ಸ್ಪೇಸ್ ಉಳಿಯುವುದಿಲ್ಲ, ಅದಕ್ಕೇ ಮೇಲೆ ಹೇಳಿದ ಅಂಟಿಸುವ ದಾರಿಯೇ ವಾಸಿ. ಡಾಟ್‌ನೆಟ್‌ನಲ್ಲಿ ಕೆಲಸ ಮಾಡುವವರಿಗೆ ಮೈಮ್‌ಕಿಟ್ ಇದೆ, ಪ್ರತಿ ಹೆಡರ್‌ನ ಮೂಲ ಬೈಟ್‌ಗಳನ್ನು ಅದು ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಒಳ್ಳೆಯ ವಿನ್ಯಾಸ ಅಂದರೆ ಅದು.

ಪ್ರಶ್ನೆ: ಹೊರಗಿನಿಂದ ಬಂದ ಮೇಲ್‌ಗಳ ಸಬ್ಜೆಕ್ಟ್ ಮುಂದೆ 'ಹೊರಗಿನದು' ಎಂದು ಸೇರಿಸುತ್ತೇವೆ. ಇಂಗ್ಲಿಷ್ ಸಬ್ಜೆಕ್ಟ್‌ಗಳು ಚೆನ್ನಾಗಿ ಬರುತ್ತವೆ. ಕನ್ನಡ ಸಬ್ಜೆಕ್ಟ್‌ಗಳಲ್ಲಿ ಮಾತ್ರ ನಡುವೆ ಪ್ರಶ್ನಾರ್ಥಕ ಚಿಹ್ನೆ ಇರುವ ಕಪ್ಪು ಆಕೃತಿಗಳು ಬರುತ್ತಿವೆ. ಅದೂ ಉದ್ದದ ಸಬ್ಜೆಕ್ಟ್ ಇದ್ದಾಗ. ಫಾಂಟ್ ತೊಂದರೆಯೇ?

ಉತ್ತರ: ಫಾಂಟ್ ಅಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಬರೆಯುವ ನಮಗೆಲ್ಲ ಇದು ತಟ್ಟುತ್ತದೆ.

ಹೆಡರ್‌ನಲ್ಲಿ ಮೂಲತಃ ಆಸ್ಕಿ ಅಕ್ಷರಗಳು, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು ಮಾತ್ರ ಇರಬೇಕಿತ್ತು. ಬೇರೆ ಲಿಪಿಗಳಿಗಾಗಿ 1996ರ ಆರ್‌ಎಫ್‌ಸಿ 2047 'ಎನ್‌ಕೋಡೆಡ್ ವರ್ಡ್' ಎಂಬ ಏರ್ಪಾಡನ್ನು ಹೇಳುತ್ತದೆ. ಕನ್ನಡ ಪಠ್ಯವನ್ನು ಬೇಸ್64 ಮಾಡಿ, ಮುಂದೆ ಯುಟಿಎಫ್-8 (ಎಲ್ಲ ಲಿಪಿಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ರೀತಿ) ಎಂದು ಬರೆದು, ಎರಡೂ ಕಡೆ ಗುರುತು ಹಾಕುವುದು. ಇಂಥ ಒಂದು ತುಂಡು 75 ಅಕ್ಷರ ಮೀರಬಾರದು. ಗುರುತುಗಳಿಗೇ 12 ಅಕ್ಷರ ಹೋಗುತ್ತದೆ. ಉಳಿದ 63ರಲ್ಲಿ ಬೇಸ್64 ನಾಲ್ಕರ ಗುಂಪಿನಲ್ಲಿ ಕೂರಬೇಕು, ಅಂದರೆ 60. ಆ 60ರಲ್ಲಿ ಹಿಡಿಯುವುದು 45 ಬೈಟ್. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಚಿಹ್ನೆಗೂ ಯುಟಿಎಫ್-8ನಲ್ಲಿ ಮೂರು ಬೈಟ್ ಬೇಕು. ಹಾಗಾಗಿ ಒಂದು ತುಂಡಿನಲ್ಲಿ 15 ಚಿಹ್ನೆ ಹಿಡಿದರೆ ಹೆಚ್ಚು. ಉದ್ದದ ಸಬ್ಜೆಕ್ಟ್ ತುಂಡಾಗಲೇಬೇಕು.

ಒಬ್ಬರು 'ವಾರದ ಸಭೆಯ ಕಾರ್ಯಸೂಚಿ' ಎಂದು ಸಬ್ಜೆಕ್ಟ್ ಬರೆದರು ಅಂದುಕೊಳ್ಳಿ. ಎಣಿಸಿ ನೋಡಿ. 'ವಾರದ' 12 ಬೈಟ್, ಸ್ಪೇಸ್ 1, 'ಸಭೆಯ' 12, ಸ್ಪೇಸ್ 1, ಇಲ್ಲಿಗೆ 26. 'ಕಾರ್ಯ'ದಲ್ಲಿ ಐದು ಚಿಹ್ನೆ, 15 ಬೈಟ್, 41. 'ಸ' ಸೇರಿದರೆ 44. ಮುಂದಿನದು 'ಸೂ'ನಲ್ಲಿರುವ ಊಕಾರದ ಚಿಹ್ನೆ. ಅದರ ಮೂರು ಬೈಟ್‌ಗಳು 224, 179, 130. ಕಳಿಸುವ ಸಾಫ್ಟ್‌ವೇರ್ ಕಣ್ಣುಮುಚ್ಚಿ 45ನೇ ಬೈಟ್‌ಗೆ ಕತ್ತರಿಸಿದರೆ 224 ಮೊದಲ ತುಂಡಿನ ಕೊನೆಗೆ ಬೀಳುತ್ತದೆ, 179 ಮತ್ತು 130 ಎರಡನೇ ತುಂಡಿನ ತಲೆಗೆ. ಹೀಗೆ ಒಂದು ಅಕ್ಷರವನ್ನು ಸೀಳಬಾರದು ಎಂದು ಆರ್‌ಎಫ್‌ಸಿ ಸ್ಪಷ್ಟವಾಗಿ ಹೇಳಿದೆ. ಆದರೂ ಸೀಳುವ ಸಾಫ್ಟ್‌ವೇರ್‌ಗಳು ಇವೆ.

ಇಂಥ ಮೇಲ್ ಬಂದಾಗ ಜಾಣ ಪಾರ್ಸರ್ ಪಕ್ಕಪಕ್ಕದ ತುಂಡುಗಳ ಬೈಟ್‌ಗಳನ್ನು ಮೊದಲು ಜೋಡಿಸಿ, ಆಮೇಲೆ ಅಕ್ಷರಕ್ಕೆ ತಿರುಗಿಸುತ್ತದೆ. ಸಬ್ಜೆಕ್ಟ್ ಸರಿಯಾಗಿ ಕಾಣುತ್ತದೆ. ನಿಮ್ಮದು ಪ್ರತಿ ತುಂಡನ್ನೂ ಬೇರೆ ಬೇರೆ ತಿರುಗಿಸುತ್ತಿದೆ ಎಂದು ಕಾಣುತ್ತದೆ. ಒಂಟಿ 224ಕ್ಕೆ ಅರ್ಥವಿಲ್ಲ, ಹಾಗಾಗಿ ಅದರ ಜಾಗಕ್ಕೆ ಬದಲಿ ಚಿಹ್ನೆ ಬಂದು ಕೂರುತ್ತದೆ. ನೀವು ನೋಡುತ್ತಿರುವ ಕಪ್ಪು ಆಕೃತಿ ಅದೇ. ತೋರಿಸುವುದರಲ್ಲಿ ಮಾತ್ರ ಹೀಗಾಗಿದ್ದರೆ ಚಿಂತೆ ಇರಲಿಲ್ಲ, ನಾಳೆ ಪಾರ್ಸರ್ ರಿಪೇರಿ ಮಾಡಿದರೆ ಸರಿಹೋಗುತ್ತಿತ್ತು. ಆದರೆ ನೀವು ಅದರ ಮುಂದೆ 'ಹೊರಗಿನದು' ಸೇರಿಸಿ ಮತ್ತೆ ಬರೆಯುತ್ತಿದ್ದೀರಿ. ಈಗ ಮೇಲ್‌ನಲ್ಲಿ ಇರುವುದು ಬದಲಿ ಚಿಹ್ನೆಯ ಬೈಟ್‌ಗಳು. 224, 179, 130 ಹೋಯಿತು. ಜಗತ್ತಿನ ಯಾವ ಜಾಣ ಪಾರ್ಸರ್ ಬಂದರೂ ಆ ಊಕಾರ ವಾಪಸ್ ಬರುವುದಿಲ್ಲ.

ದಾರಿ ಇದೆ. ಸಬ್ಜೆಕ್ಟ್ ಅನ್ನು ಬಿಚ್ಚದೆ, ಕೋಲನ್ ಮತ್ತು ಸ್ಪೇಸ್ ಆದ ತಕ್ಷಣ ನಿಮ್ಮ ಪದವನ್ನು ಅದರದ್ದೇ ಬೇರೆ ಎನ್‌ಕೋಡೆಡ್ ವರ್ಡ್ ಆಗಿ ತೂರಿಸಿ, ಸಾಲು ಮಡಚಿ, ಮುಂದೆ ಮೂಲ ಬೈಟ್‌ಗಳನ್ನು ಇದ್ದ ಹಾಗೇ ಬಿಡಿ. ಒಂದು ಸೂಕ್ಷ್ಮ ಇದೆ: ಪಕ್ಕಪಕ್ಕದ ಎರಡು ಎನ್‌ಕೋಡೆಡ್ ವರ್ಡ್‌ಗಳ ನಡುವಿನ ಸ್ಪೇಸ್ ಅನ್ನು ಓದುವವರು ಬಿಸಾಡಬೇಕು ಎಂಬ ನಿಯಮವಿದೆ. ಹಾಗಾಗಿ ನಿಮ್ಮ ಪದದ ನಂತರದ ಸ್ಪೇಸ್ ನಿಮ್ಮ ತುಂಡಿನ ಒಳಗೇ ಇರಬೇಕು. ಮೂಲ ಸಬ್ಜೆಕ್ಟ್ ಬರೀ ಇಂಗ್ಲಿಷ್ ಆಗಿದ್ದರೆ ಮಾತ್ರ ಹೊರಗಿನ ಸ್ಪೇಸ್ ಉಳಿಯುತ್ತದೆ, ಆಗ ಒಳಗೆ ಬೇಡ.

ಇಷ್ಟಾದರೂ ಡಿಕೆಐಎಂ ಬೀಳುತ್ತದೆ, ಯಾಕೆಂದರೆ ಸಬ್ಜೆಕ್ಟ್‌ಗೆ ಸಾಮಾನ್ಯವಾಗಿ ಸಹಿ ಇದ್ದೇ ಇರುತ್ತದೆ. ನನ್ನನ್ನು ಕೇಳಿದರೆ ಸಬ್ಜೆಕ್ಟ್ ಮುಟ್ಟಲೇಬೇಡಿ. 'ಹೊರಗಿನದು' ಎಂಬುದನ್ನು ಬೇರೆ ಹೆಡರ್‌ನಲ್ಲಿ ಹಾಕಿ, ಮೇಲ್ ತೋರಿಸುವ ಪರದೆ ಅದನ್ನು ಓದಿ ಒಂದು ಬಣ್ಣದ ಪಟ್ಟಿ ತೋರಿಸಲಿ. ಸಬ್ಜೆಕ್ಟ್ ಕಳಿಸಿದವರ ಮಾತು.

ಇದೇ ಓದುಗರು ಇನ್ನೊಂದು ಕಡೆ 'ಕಣ್ಣಿಗೆ ಕಾಣದ ಅಕ್ಷರಗಳನ್ನು ತೆಗೆದು ಪಠ್ಯ ಶುಚಿ ಮಾಡುತ್ತೇವೆ' ಎಂದೂ ಬರೆದಿದ್ದಾರೆ. ದಯವಿಟ್ಟು ನಿಲ್ಲಿಸಿ. ಕನ್ನಡದಲ್ಲಿ ಆ ಕಾಣದ ಅಕ್ಷರಗಳಿಗೆ ಕೆಲಸ ಇದೆ. 'ಸಾಫ್ಟ್‌ವೇರ್' ಎಂದು ಬಿಡಿಸಿ ಕಾಣುವುದು ಅದರೊಳಗೆ ಕೂತ ಒಂದು ಕಾಣದ ಗುರುತಿನಿಂದ. ಅದನ್ನು ಕಿತ್ತರೆ 'ಸಾಫ್ಟ್ವೇರ್' ಆಗುತ್ತದೆ. ಒಂದೇ ಅಕ್ಷರದ ಬೇರೆ ಬೇರೆ ಬರವಣಿಗೆಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಾರ್ಮಲೈಸೇಶನ್ ಕೂಡ ಹೀಗೇ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ, ಬೈಟ್ ಲೆಕ್ಕದಲ್ಲಿ 3 ಮತ್ತು 9. ಹುಡುಕಲು ಅನುಕೂಲ ಬೇಕಾದರೆ ನಾರ್ಮಲೈಸ್ ಮಾಡಿದ ಪ್ರತಿಯನ್ನು ಹುಡುಕುವ ಇಂಡೆಕ್ಸ್‌ನಲ್ಲಿ ಇಡಿ. ಮೇಲ್‌ಗೆ ಅದನ್ನು ತರಬೇಡಿ.

ಪ್ರಶ್ನೆ: ಹೊರಗೆ ಹೋಗುವ, ಒಳಗೆ ಬರುವ ಎಲ್ಲ ಮೇಲ್‌ಗಳ ಕೊನೆಗೆ ನಾಲ್ಕು ಸಾಲಿನ ಸೂಚನೆ ಸೇರಿಸಬೇಕೆಂದು ಮೇಲಿನವರು ಹೇಳಿದ್ದಾರೆ. ಬೇಡ ಎನ್ನುವ ಹಾಗಿಲ್ಲ. ಮೂಲ ಕೆಡದಂತೆ ಹೇಗೆ ಮಾಡುವುದು?

ಉತ್ತರ: ಹೊರಗೆ ಹೋಗುವುದು ಸುಲಭ. ನಿಮ್ಮ ಸರ್ವರ್ ಸಹಿ ಹಾಕುವ ಮೊದಲೇ ಸೂಚನೆ ಸೇರಿಸಿ, ಆಮೇಲೆ ಸಹಿ ಹಾಕಿ. ಕ್ರಮ ತಪ್ಪದಿದ್ದರೆ ಸಾಕು.

ಒಳಗೆ ಬರುವುದೇ ಕಷ್ಟ. ಮೇಲ್‌ನ ಕೊನೆಗೆ ಸುಮ್ನೆ ನಾಲ್ಕು ಸಾಲು ಅಂಟಿಸಿದರೆ ಏನಾಗುತ್ತದೆ ನೋಡಿ. ಒಡಲು ಬೇಸ್64 ಆಗಿದ್ದರೆ ನಿಮ್ಮ ಸಾಲುಗಳು ಬೇಸ್64ನ ಕಸವಾಗುತ್ತವೆ. ಮಲ್ಟಿಪಾರ್ಟ್, ಅಂದರೆ ಹಲವು ಭಾಗಗಳ ಮೇಲ್ ಆಗಿದ್ದರೆ ಕೊನೆಯ ಬೌಂಡರಿ (ಭಾಗಗಳನ್ನು ಬೇರ್ಪಡಿಸುವ ಗುರುತಿನ ಸಾಲು) ಆದ ಮೇಲೆ ಬಂದದ್ದು ಯಾರಿಗೂ ಕಾಣುವುದಿಲ್ಲ. ಪಠ್ಯ ಮತ್ತು ಎಚ್‌ಟಿಎಂಎಲ್ ಎರಡೂ ರೂಪ ಇದ್ದರೆ ಎರಡಕ್ಕೂ ಸೇರಿಸಬೇಕು. ಎಚ್‌ಟಿಎಂಎಲ್ ಅನ್ನು ಪಾರ್ಸ್ ಮಾಡಿ ಮತ್ತೆ ಬರೆದರೆ ಅಲ್ಲಿ ಬೇರೆಯೇ ಒಂದು ಕಥೆ ಶುರುವಾಗುತ್ತದೆ. ಮೂಲ ಕಳಿಸಿದವರ ಡಿಕೆಐಎಂ ಅಂತೂ ಹೋಗಿಯೇ ಹೋಗುತ್ತದೆ. ಡಿಕೆಐಎಂನಲ್ಲಿ 'ಎಲ್' ಎಂಬ ಟ್ಯಾಗ್ ಇದೆ, ಒಡಲಿನ ಮೊದಲ ಇಷ್ಟು ಬೈಟ್‌ಗೆ ಮಾತ್ರ ಸಹಿ ಎನ್ನುತ್ತದೆ, ಅದರಿಂದ ಉಳಿಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಕಳಿಸುವವರ ಕೈಯಲ್ಲಿರುವುದು. ಮೇಲಾಗಿ ಆ ಬಾಗಿಲು ತೆರೆದಿದ್ದರೆ ನೀವು ಸೇರಿಸಿದ ಹಾಗೇ ಮೋಸಗಾರರೂ ಸೇರಿಸಬಹುದು. ಬೇಡ.

ಸೂಚನೆ ಸೇರಿಸಲೇಬೇಕಾದರೆ ಎರಡು ಕೆಲಸ ಮಾಡಿ. ಮೊದಲನೆಯದು, ಮುಟ್ಟುವ ಮೊದಲು ಡಿಕೆಐಎಂ ಪರೀಕ್ಷೆ ಮಾಡಿ ಫಲಿತಾಂಶ ಬರೆದಿಡಿ. ನಡುವಿನ ಸರ್ವರ್ 'ನಾನು ನೋಡಿದಾಗ ಇದು ಸರಿಯಾಗಿತ್ತು' ಎಂದು ಸಹಿ ಮಾಡಿ ಹೇಳಲು 2019ರ ಆರ್‌ಎಫ್‌ಸಿ 8617ರಲ್ಲಿ ಎಆರ್‌ಸಿ ಎಂಬ ಏರ್ಪಾಡಿದೆ. ಮುಂದಿನ ಸರ್ವರ್ ನಿಮ್ಮನ್ನು ನಂಬಿದರೆ ಮಾತ್ರ ಅದಕ್ಕೆ ಬೆಲೆ, ಅಷ್ಟು ತಿಳಿದಿರಲಿ. ಎರಡನೆಯದು, ಪಿಜಿಪಿ ಅಥವಾ ಎಸ್‌ಮೈಮ್ ಸಹಿ (ಬರೆದವರೇ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಇರುವ ಮೇಲ್‌ನ ಒಳಗೆ ಕೈ ಹಾಕಲೇಬೇಡಿ. ಅಲ್ಲಿ ಸಹಿ ಇರುವುದು ಮೊದಲ ಭಾಗದ ಅಷ್ಟೂ ಬೈಟ್‌ಗಳ ಮೇಲೆ, ಆ ಭಾಗದ ಸ್ವಂತ ಹೆಡರ್‌ಗಳೂ ಸೇರಿ. ಬೌಂಡರಿಯ ಮುಂಚಿನ ಸಾಲುಮುರಿತ ಮಾತ್ರ ಭಾಗಕ್ಕೆ ಸೇರಿದ್ದಲ್ಲ, ಬೌಂಡರಿಗೆ ಸೇರಿದ್ದು. ಈ ಒಂದು ಸಾಲುಮುರಿತವನ್ನು ತಪ್ಪಾಗಿ ಎಣಿಸಿ ಸಹಿ ಪರೀಕ್ಷೆಯಲ್ಲಿ ಸೋತ ಪ್ರೋಗ್ರಾಂಗಳನ್ನು ನಾನೇ ನೋಡಿದ್ದೇನೆ. ಅಂಥ ಮೇಲ್‌ಗೆ ಸೂಚನೆ ಬೇಕಾದರೆ ಹೊಸ ಮೇಲ್ ಒಂದನ್ನು ಮಾಡಿ, ಸೂಚನೆಯನ್ನು ಅದರಲ್ಲಿ ಬರೆದು, ಮೂಲವನ್ನು ಪೂರ್ತಿಯಾಗಿ ಒಳಗೆ ಲಗತ್ತಿಸಿ. ಮೇಲ್ ಒಳಗೆ ಮೇಲ್ ಇಡಲು ಮೈಮ್‌ನಲ್ಲಿ (ಮೇಲ್‌ನ ಭಾಗಗಳನ್ನು ಜೋಡಿಸುವ ನಿಯಮಗಳಲ್ಲಿ) ಅದಕ್ಕೆಂದೇ ಒಂದು ಟೈಪ್ ಇದೆ.

ಪ್ರಶ್ನೆ: ಹಳೆಯ ಮೇಲ್‌ಗಳನ್ನು ಒಂದೇ ಎಂಬಾಕ್ಸ್ ಫೈಲ್‌ನಲ್ಲಿ ಕೂಡಿಟ್ಟಿದ್ದೇವೆ. ಕೆಲವು ಇಂಗ್ಲಿಷ್ ಮೇಲ್‌ಗಳಲ್ಲಿ ಸಾಲಿನ ಮುಂದೆ ತಾನಾಗಿ ಒಂದು 'ದೊಡ್ಡದು' (>) ಚಿಹ್ನೆ ಬಂದಿದೆ. ಯಾರು ಹಾಕಿದ್ದು?

ಉತ್ತರ: ಎಂಬಾಕ್ಸ್ ಹಾಕಿದ್ದು. ಅಲ್ಲಿ ಎಲ್ಲ ಮೇಲ್‌ಗಳೂ ಒಂದೇ ಫೈಲ್‌ನಲ್ಲಿ ಒಂದರ ಹಿಂದೆ ಒಂದು ಇರುತ್ತವೆ, ಹೊಸ ಮೇಲ್ ಶುರು ಎಂಬುದಕ್ಕೆ 'ಫ್ರಮ್' ಎಂಬ ಪದ ಮತ್ತು ಒಂದು ಸ್ಪೇಸ್ ಗುರುತು. ಮೇಲ್ ಬರೆದವರು ತಮ್ಮ ಒಂದು ಸಾಲನ್ನು ಅದೇ ಪದದಿಂದ ಶುರುಮಾಡಿದರೆ ಗೊಂದಲ ಆಗಬಾರದಲ್ಲ, ಅದಕ್ಕೆ ಮುಂದೆ ಆ ಚಿಹ್ನೆ ಸೇರಿಸುತ್ತಾರೆ. ತೊಂದರೆ ವಾಪಸ್ ತೆಗೆಯುವಾಗ. ಹಳೆಯ ರೀತಿಯ ಎಂಬಾಕ್ಸ್‌ನಲ್ಲಿ ಆ ಚಿಹ್ನೆ ಫೈಲ್ ಹಾಕಿದ್ದೋ, ಬರೆದವರೇ ಹಾಕಿದ್ದೋ ಎಂದು ಹೇಳಲು ಬರುವುದಿಲ್ಲ. ಎಂಬಾಕ್ಸ್‌ಆರ್‌ಡಿ ಎಂಬ ರೂಪದಲ್ಲಿ ಆಗಲೇ ಚಿಹ್ನೆ ಇರುವ ಫ್ರಮ್ ಸಾಲುಗಳಿಗೂ ಇನ್ನೊಂದು ಚಿಹ್ನೆ ಸೇರಿಸುತ್ತಾರೆ, ಹಾಗಾಗಿ ತೆಗೆಯುವಾಗ ಒಂದೊಂದು ಕಿತ್ತರೆ ಮೂಲ ಸಿಗುತ್ತದೆ. ಹೊಸದಾಗಿ ಶುರುಮಾಡುವುದಾದರೆ ಒಂದು ಮೇಲ್‌ಗೆ ಒಂದು ಫೈಲ್ ಇಡುವ ಮೇಲ್‌ಡಿರ್ ನೆಮ್ಮದಿ. ಅಲ್ಲಿ ಏನನ್ನೂ ಸೇರಿಸಬೇಕಾಗಿಲ್ಲ.

ಡೇಟಾಬೇಸ್‌ನಲ್ಲಿ ಇಡುವವರು ಟೆಕ್ಸ್ಟ್ ಕಾಲಂ ಬಳಸಬೇಡಿ, ಬೈಟ್ ಕಾಲಂ ಬಳಸಿ. ಇದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನಿದ್ದ ತಂಡ ಹಳೆಯ ಮೇಲ್‌ಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಎಲ್ಲವನ್ನೂ ಯುಟಿಎಫ್-8 ಪಠ್ಯ ಎಂದು ಓದಿ, ಓದಲು ಬಾರದ ಬೈಟ್‌ಗಳ ಜಾಗದಲ್ಲಿ ಬದಲಿ ಚಿಹ್ನೆ ಹಾಕಿ, ಟೆಕ್ಸ್ಟ್ ಕಾಲಂಗೆ ತುಂಬಿದೆವು. ಹಳೆಯ ಎನ್‌ಕೋಡಿಂಗ್‌ನಲ್ಲಿದ್ದ ಮೇಲ್‌ಗಳೆಲ್ಲ ತೂತು ತೂತಾದವು. ಅದು ಗೊತ್ತಾಗುವ ಹೊತ್ತಿಗೆ ಮೂಲ ಡಿಸ್ಕ್ ಅಳಿಸಿ ಆಗಿತ್ತು. ಆ ಮೇಲ್‌ಗಳಲ್ಲಿ ಯಾರ್ಯಾರದೋ ಹೆಸರುಗಳಿದ್ದವು, ಇಂದಿಗೂ ಅವು ಅರ್ಧಂಬರ್ಧವಾಗಿಯೇ ಇವೆ. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಪ್ರಶ್ನೆ: ನಿಯಮ ಮೀರಿದ ಮೇಲ್‌ಗಳು ಬರುತ್ತವೆ. ಕೊನೆಯ ಬೌಂಡರಿ ಇಲ್ಲ, ತಾರೀಖು ತಪ್ಪು, ಕಂಟೆಂಟ್ ಟೈಪ್ ಎರಡೆರಡು ಸಲ. ಇವನ್ನು ತಿದ್ದಿ ಇಡುವುದು ಒಳ್ಳೆಯದಲ್ಲವೇ? ಮುಂದೆ ಓದುವವರಿಗೆ ಸುಲಭವಾಗುತ್ತದೆ.

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ತಿದ್ದಿ ಇಡಬೇಡಿ, ತಿದ್ದಿ ತೋರಿಸಿ. ಕೊನೆಯ ಬೌಂಡರಿ ಇಲ್ಲದಿದ್ದರೆ ಮೇಲ್ ಮುಗಿದಲ್ಲಿಗೆ ಭಾಗವೂ ಮುಗಿಯಿತು ಎಂದು ಊಹಿಸಿ ತೋರಿಸಬಹುದು. ಅದು ಇವತ್ತಿನ ನಿಮ್ಮ ಊಹೆ. ನಾಳೆ ಇನ್ನೂ ಒಳ್ಳೆಯ ಊಹೆ ಹೊಳೆದರೆ ಮೂಲ ಇರಬೇಕು. ದೋಷ ಕಂಡ ತಕ್ಷಣ ಪ್ರೋಗ್ರಾಂ ನಿಂತುಹೋಗುವುದೂ ಸರಿಯಲ್ಲ, ಮೇಲ್ ಕಾಯುತ್ತಿರುವವರಿಗೆ ಮೇಲ್ ಬೇಕು. ಪೈಥಾನ್‌ನ ಪಾರ್ಸರ್ ತಾನು ಕಂಡ ದೋಷಗಳನ್ನು ಮೇಲ್ ಜೊತೆಯಲ್ಲೇ ಒಂದು ಪಟ್ಟಿಯಾಗಿ ಕೊಡುತ್ತದೆ. ಆ ಪಟ್ಟಿಯನ್ನು ಪಕ್ಕದಲ್ಲಿ ಉಳಿಸಿ.

ಒಂದು ಕಡೆ ಮಾತ್ರ ಬಿಗಿಯಾಗಿರಿ. ಎರಡು ಸಾಫ್ಟ್‌ವೇರ್‌ಗಳು ಒಂದೇ ಬೈಟ್‌ಗಳನ್ನು ಎರಡು ರೀತಿ ಓದಿದರೆ ಅದರ ನಡುವೆ ಕಳ್ಳರು ನುಸುಳುತ್ತಾರೆ. 2023ರ ಡಿಸೆಂಬರ್‌ನಲ್ಲಿ 'ಎಸ್‌ಎಂಟಿಪಿ ಸ್ಮಗ್ಲಿಂಗ್' ಎಂಬ ದಾಳಿಯ ವಿವರ ಹೊರಬಂತು (ಎಸ್‌ಎಂಟಿಪಿ ಅಂದರೆ ಸರ್ವರ್‌ಗಳು ಮೇಲ್ ಸಾಗಿಸುವ ರೀತಿ). ಮೇಲ್ ಎಲ್ಲಿ ಮುಗಿಯಿತು ಎಂಬುದನ್ನು ಕಳಿಸುವ ಸರ್ವರ್ ಒಂದು ರೀತಿ, ಪಡೆಯುವ ಸರ್ವರ್ ಇನ್ನೊಂದು ರೀತಿ ಅರ್ಥ ಮಾಡಿಕೊಂಡರೆ, ಒಂದು ಮೇಲ್ ಒಳಗೆ ಇನ್ನೊಂದನ್ನು ಅಡಗಿಸಿ, ಬೇರೆಯವರ ಹೆಸರಿನಲ್ಲಿ ಸಾಗಿಸಬಹುದು. ಎಲ್ಲದರ ಮೂಲ ಸಾಲಿನ ಕೊನೆಯ ಸಿಆರ್, ಎಲ್‌ಎಫ್ ಗುರುತುಗಳನ್ನು ಸಡಿಲವಾಗಿ ಓದಿದ್ದು. ಹಾಗಾಗಿ ಸರ್ವರ್ ಬಾಗಿಲಲ್ಲಿ ನೆಟ್ಟಗಿಲ್ಲದ ಸಾಲುಮುರಿತ ಕಂಡರೆ ತಿದ್ದಿ ಒಳಗೆ ಬಿಡಬೇಡಿ, ವಾಪಸ್ ಕಳಿಸಿ. ಒಳಗೆ ಬಂದಾದ ಮೇಲೆ ಮುಟ್ಟಬೇಡಿ.

ಪ್ರಶ್ನೆ: ನಮ್ಮ ಪ್ರೋಗ್ರಾಂ ಮೂಲ ಕೆಡಿಸುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಪ್ರತಿ ಮೇಲ್ ತೆರೆದು ನೋಡಲು ಆಗುವುದಿಲ್ಲ.

ಉತ್ತರ: ತೆರೆದು ನೋಡಿದರೂ ಕಾಣುವುದಿಲ್ಲ, ಅದೇ ಇಲ್ಲಿನ ಕಷ್ಟ. ಕಂಪ್ಯೂಟರ್ ಕೈಯಲ್ಲೇ ಹೋಲಿಕೆ ಮಾಡಿಸಿ. ಮೊದಲ ಪರೀಕ್ಷೆ: ಮೇಲ್ ಓದಿ, ಏನೂ ಬದಲಿಸದೆ ಬರೆಯಿರಿ, ಎರಡರ ಎಸ್‌ಎಚ್‌ಎ-256 ಹ್ಯಾಶ್ ಹೋಲಿಸಿ. ಒಂದೇ ಬಂದರೆ ಸರಿ, ಇಲ್ಲದಿದ್ದರೆ ಬೈಟ್ ಬೈಟ್ ಹೋಲಿಸಿ ಮೊದಲ ವ್ಯತ್ಯಾಸ ಎಲ್ಲಿದೆ ನೋಡಿ. ಎರಡನೆಯದು: ನಿಮ್ಮ ಬದಲಾವಣೆ ಮಾಡಿ ಬರೆದು, ನೀವು ಮುಟ್ಟಿದ ಸಾಲು ಬಿಟ್ಟು ಬೇರೆಲ್ಲೂ ವ್ಯತ್ಯಾಸ ಇಲ್ಲವೆಂದು ನೋಡಿ. ಮೂರನೆಯದು, ಡಿಕೆಐಎಂ ಪರೀಕ್ಷೆ ಮುಟ್ಟುವ ಮೊದಲು ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ.

ಪರೀಕ್ಷೆಗೆ ನೀವೇ ಬರೆದ ಚಂದದ ಮೇಲ್‌ಗಳು ಸಾಲದು. ಅವನ್ನು ನಿಮ್ಮ ಲೈಬ್ರರಿಯೇ ಹುಟ್ಟಿಸಿರುತ್ತದೆ, ಹಾಗಾಗಿ ಯಾವಾಗಲೂ ಪಾಸ್ ಆಗುತ್ತವೆ. ಬೇರೆ ಬೇರೆ ಸಾಫ್ಟ್‌ವೇರ್‌ಗಳಿಂದ ಬಂದ ನಿಜವಾದ ಮೇಲ್‌ಗಳನ್ನು, ಕಳಿಸಿದವರ ಒಪ್ಪಿಗೆ ಪಡೆದು, ಸೇರಿಸಿಕೊಳ್ಳಿ. ಮೊದಲು ಬೇಕಾದವು ಇವು: ಟ್ಯಾಬ್‌ನಿಂದ ಮಡಚಿದ ಹೆಡರ್ ಇರುವುದು, ಕೋಲನ್ ನಂತರ ಸ್ಪೇಸ್ ಇಲ್ಲದ್ದು, ಎರಡು ಮೂರು ತುಂಡಾದ ಕನ್ನಡ ಸಬ್ಜೆಕ್ಟ್, 76ಕ್ಕಿಂತ ಕಡಿಮೆ ಉದ್ದದ ಬೇಸ್64 ಸಾಲು, ಕೊನೆಯಲ್ಲಿ ಸಾಲುಮುರಿತವೇ ಇಲ್ಲದೆ ಮುಗಿದ ಮೇಲ್, ಪಿಜಿಪಿ ಸಹಿ ಇರುವುದು, ಮತ್ತು ಒಂದೇ ಹೆಸರಿನ ಹೆಡರ್ ಹಲವು ಸಲ ಇರುವುದು. ಕೊನೆಯದನ್ನು ಬಿಡಲೇಬೇಡಿ. ಹೆಡರ್‌ಗಳನ್ನು ಒಂದು ಹೆಸರಿಗೆ ಒಂದೇ ಬೆಲೆ ಇಡುವ ಡಿಕ್ಷನರಿಯಲ್ಲಿ ತುಂಬುವ ಪ್ರೋಗ್ರಾಂನಲ್ಲಿ ಐದು ರಿಸೀವ್ಡ್ ಸಾಲುಗಳು ಒಂದಾಗಿ ಹೊರಬರುತ್ತವೆ, ಮೇಲ್ ಯಾವ ದಾರಿಯಲ್ಲಿ ಬಂತು ಎಂಬ ಲೆಕ್ಕವೇ ಅಳಿಸಿಹೋಗುತ್ತದೆ. ಪ್ರತಿ ಸಲ ಲೈಬ್ರರಿಯ ಹೊಸ ಆವೃತ್ತಿ ಹಾಕಿದಾಗಲೂ ಈ ಕಟ್ಟನ್ನು ಪೂರ್ತಿ ಓಡಿಸಿ.